ಮೈಕಲ್ ಜೋರ್ಡನ್‌ನ ಯಾವ ರೂಕಿ ಕಾರ್ಡ್ ಕೊಳ್ಳಬೇಕು, ಬೆಲೆ ಹೇಗೆ ಅಂದಾಜು ಮಾಡೋದು?

ಜೋರ್ಡನ್ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಬಂದಿದ್ದು 1984ರಲ್ಲಿ. ಆದರೂ ರೂಕಿ ಕಾರ್ಡ್ (ಆಟಗಾರನ ಆರಂಭದ ದಿನಗಳ ಸಂಗ್ರಹ ಕಾರ್ಡ್) ಅಂದ ಕೂಡಲೇ ಹೆಚ್ಚಿನವರು ಹುಡುಕುವುದು 1986-87ರ ಫ್ಲೀರ್ ಕಂಪನಿಯ ಸೆಟ್‌ನ 57ನೇ ನಂಬರಿನದನ್ನೇ, ಯಾಕಂದ್ರೆ ಅದಕ್ಕೂ ಮುಂಚಿನ ಸ್ಟಾರ್ ಕಂಪನಿಯ ಕಾರ್ಡ್‌ಗಳು ಮಾಮೂಲಿ ಪ್ಯಾಕ್‌ನಲ್ಲಿ ಬರಲಿಲ್ಲ, ತಂಡಕ್ಕೊಂದು ಚೀಲದಂತೆ ಮಾರಾಟವಾದವು. ಫ್ಲೀರ್‌ನ 8ನೇ ನಂಬರಿನ ಸ್ಟಿಕ್ಕರ್ ಕೂಡ ಚೆನ್ನಾಗಿದೆ, ಬೆಲೆಯೂ ಕಡಿಮೆ.

ಬೆಲೆ ನಿಂತಿರುವುದು ಕಾರ್ಡಿನ ಸ್ಥಿತಿಯ ಮೇಲೆ. ಮೂಲೆಗಳು ಚೂಪಾಗಿರಬೇಕು, ಚಿತ್ರ ಸರಿಯಾಗಿ ನಡುವೆ ಕೂತಿರಬೇಕು, ಬಣ್ಣದ ಅಂಚಿನಲ್ಲಿ ಬಿಳಿ ಚುಕ್ಕೆ ಎದ್ದಿದ್ದರೆ ದರ್ಜೆ ಅಲ್ಲೇ ಇಳಿಯುತ್ತದೆ. ಕಾರ್ಡ್ ಪರೀಕ್ಷಿಸಿ ದರ್ಜೆ ಹಾಕುವ ಪಿಎಸ್‌ಎ ಕಂಪನಿಯಿಂದ 10, ಅಂದರೆ ಅತ್ಯುನ್ನತ ದರ್ಜೆ ಪಡೆದ 57ನೇ ನಂಬರಿನ ಕಾರ್ಡ್ 2021ರ ಜನವರಿಯಲ್ಲಿ 7,38,000 ಡಾಲರ್‌ಗೆ ಹೋಗಿತ್ತು, ಆಮೇಲೆ ಬೆಲೆ ಜೋರಾಗಿ ಬಿತ್ತು. ಹಾಗಾಗಿ ಮಾರುವವರು ಹೇಳುವ ರೇಟು ಬಿಡಿ, ಅದೇ ದರ್ಜೆಯದು ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಅಂತ ನೋಡಿ. ಈ ಕಾರ್ಡಿಗೆ ನಕಲಿ ಬಹಳ ಜಾಸ್ತಿ. ದರ್ಜೆ ಹಾಕಿಸದ ಬಿಡಿ ಕಾರ್ಡ್ ಬೇಡವೇ ಬೇಡ, ದರ್ಜೆ ಹಾಕಿದ ಕಾರ್ಡ್ ಇರುವ ಪ್ಲಾಸ್ಟಿಕ್ ಡಬ್ಬಿಯ ಮೇಲಿನ ನಂಬರನ್ನೂ ಪಿಎಸ್‌ಎ ದಾಖಲೆಯಲ್ಲಿ ತಾಳೆ ನೋಡಿ.