ಸಾಕಿದ ಇಲಿಗಳ ಹಾಸು: ಮರದ ಪುಡಿ ಇವತ್ತೇ ತೆಗೆಯಿರಿ

ಮೇಡಂ, ಹೊಸದಾಗಿ ತಂದ ಎರಡು ಇಲಿಗಳಿಗೆ ಸಾಮಿಲ್‌ನ ಮರದ ಪುಡಿ ಹಾಸಿದ್ದೀರಿ, ನಾಲ್ಕು ದಿನದಿಂದ ಸೀನುತ್ತಿವೆ, ಮೂಗಿನ ಸುತ್ತ ರಕ್ತದಂತೆ ಕೆಂಪಾಗಿದೆ ಅಂತ ಬರೆದಿದ್ದೀರಿ. ಆ ಕೆಂಪು ಹೆಚ್ಚಾಗಿ ರಕ್ತವಲ್ಲ. ಇಲಿಯ ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಅನ್ನುವ ಬಣ್ಣ ಅದು. ಮೈ ಹುಷಾರಿಲ್ಲದಾಗ, ಹೆದರಿದಾಗ ಜಾಸ್ತಿ ಕಾಣುತ್ತೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ.

ಪುಡಿಯನ್ನು ಮಾತ್ರ ಇವತ್ತೇ ತೆಗೆದುಬಿಡಿ. ಇಲಿ ಮೂಗಿನಿಂದಷ್ಟೇ ಉಸಿರಾಡುವ ಪ್ರಾಣಿ, ಅದೂ ಮೂತಿಯನ್ನು ಹಾಸಿಗೆ ತಾಗಿಸಿಕೊಂಡೇ ಓಡಾಡುತ್ತೆ. ಸಾಕಿದ ಇಲಿಗಳಲ್ಲಿ ಬಹಳಷ್ಟು ಮೈಕೋಪ್ಲಾಸ್ಮಾ ಅನ್ನುವ, ಉಸಿರಾಟದ ಕಾಯಿಲೆ ತರುವ ಬ್ಯಾಕ್ಟೀರಿಯಾವನ್ನು ಮೊದಲೇ ಹೊತ್ತಿರುತ್ತವೆ. ತೆಪ್ಪಗಿದ್ದ ಅದನ್ನು ಕೆರಳಿಸುವುದು ಧೂಳು ಮತ್ತು ಮೂತ್ರದಿಂದ ಏಳುವ ಅಮೋನಿಯಾ. ಮಿಲ್ ಪುಡಿಯಲ್ಲಿ ಯಾವ್ಯಾವ ಮರ ಬೆರೆತಿದೆಯೋ ಹೇಳುವವರಿಲ್ಲ. ಪೈನ್, ಸೀಡರ್ ಇದ್ದರಂತೂ ಇನ್ನೂ ಕೆಟ್ಟದ್ದು. ನಮಗೆ ಘಮ ಅನ್ನಿಸುವ ಆ ಎಣ್ಣೆಯಂಶವೇ ಅವುಗಳ ಶ್ವಾಸನಾಳವನ್ನು ಕೆಡಿಸುತ್ತೆ. ಇಂಥ ಮರದ ಹಾಸು ಇಲಿಗಳ ಯಕೃತ್ತಿನ ಕಿಣ್ವಗಳನ್ನು ಏರುಪೇರು ಮಾಡುತ್ತೆ ಅಂತ 1967ರಲ್ಲೇ ಪ್ರಯೋಗದಲ್ಲಿ ಕಂಡುಬಂದಿತ್ತು. ನನ್ನ ಮೊದಲ ಜೋಡಿಗೆ ನಾನೂ ಇದೇ ಪುಡಿ ಹಾಕಿದ್ದೆ. ಒಂದು ಇಲಿಯ ಎದೆಯ ಗೊರಗೊರ ಕೊನೆವರೆಗೂ ಹೋಗಲಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬದಲಿಗೆ ಸುಲಭವಾಗಿ ಸಿಗೋದು ಕಾಗದ. ಆಫೀಸಿನ ಶ್ರೆಡರ್‌ನಲ್ಲಿ ಕತ್ತರಿಸಿದ ಬಿಳಿ ಹಾಳೆ ಎರಡು ಇಂಚು ದಪ್ಪ ಹಾಸಿ. ಹೊಳಪಿನ ಪುರವಣಿ, ಅಂಗಡಿ ಬಿಲ್ಲು ಬೇಡ. ಒದ್ದೆಯಾದ ಮೂಲೆ ದಿನಾ ತೆಗೆಯಿರಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಮಳೆಗಾಲದಲ್ಲಿ ಮೂರು ದಿನಕ್ಕೇ ಮುಗ್ಗಲು ಹಿಡಿಯುತ್ತೆ. ಬದಲಿಸುವಾಗ ಹಳೆಯ ಒಣ ಕಾಗದ ಒಂದು ಹಿಡಿ ಒಳಗೇ ಬಿಡಿ. ತಮ್ಮ ವಾಸನೆ ಪೂರ್ತಿ ಹೋದರೆ ಅವು ಮತ್ತೆ ಎಲ್ಲಾ ಕಡೆ ಮೂತ್ರ ಹಾಕುತ್ತವೆ.

ಫ್ಲೀಸ್ ಬಟ್ಟೆಯೂ ಒಳ್ಳೆಯದೇ, ಆದರೆ ಅದು ನೀರು ಹೀರಲ್ಲ, ಕೆಳಗೆ ಹಳೆ ಟವೆಲ್ ಇರಬೇಕು. ಟ್ರಂಕಿನಿಂದ ತೆಗೆದ ಕಂಬಳಿಗೆ ನುಸಿಗುಳಿಗೆ ವಾಸನೆ ಇದ್ದರೆ ಮುಟ್ಟಲೇಬೇಡಿ. ದಾರ ಎದ್ದ ಬಟ್ಟೆ, ತೆಂಗಿನ ನಾರು, ಹತ್ತಿ ಇವೆಲ್ಲ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ನಿಲ್ಲಿಸಿಬಿಡುತ್ತವೆ. ಭತ್ತದ ಹೊಟ್ಟು ಕೋಳಿ ಶೆಡ್ಡಿಗೆ ಸರಿ, ಇಲಿಗೆ ಚುಚ್ಚುತ್ತೆ, ಧೂಳೂ ಇರುತ್ತೆ. ಬೆಕ್ಕಿನ ಮಲಮೂತ್ರಕ್ಕೆ ಇಡುವ, ಒದ್ದೆಯಾದರೆ ಗಟ್ಟಿಯಾಗುವ ಮಣ್ಣನ್ನೂ (ಕ್ಯಾಟ್ ಲಿಟರ್) ತರಬೇಡಿ. ಯಾವುದೇ ಹಾಸು ತಂದರೂ ಒಂದು ಹಿಡಿಯನ್ನು ಕಪ್ಪು ಬಟ್ಟೆ ಮೇಲೆ ಕೊಡವಿ ನೋಡಿ, ಬಿಳಿ ಧೂಳು ಉದುರಿದರೆ ವಾಪಸ್ ಕೊಡಿ.

ಇನ್ನೊಂದು ಮಾತು, ಪಂಜರ ತೊಳೆಯಲು ಫಿನೈಲ್ ಬೇಡ. ಪಾತ್ರೆ ಸೋಪು, ಬಿಸಿನೀರು ಸಾಕು, ಚೆನ್ನಾಗಿ ಒಣಗಿಸಿ.

ಹಾಸು ಬದಲಿಸಿದ ಮೇಲೂ ಒಂದೊಂದನ್ನೇ ಕೈಲಿ ಹಿಡಿದು ಪಕ್ಕೆಗೆ ಕಿವಿ ಇಟ್ಟು ಕೇಳಿ. ಟಿಕ್‌ಟಿಕ್ ಅಥವಾ ಗೊರಗೊರ ಸದ್ದು ಬಂದರೆ, ಉಸಿರಿಗೆ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಮನೆಮದ್ದು ಅಂತ ಕಾಯದೆ ಸಣ್ಣ ಪ್ರಾಣಿಗಳನ್ನು ನೋಡುವ ಪಶುವೈದ್ಯರ ಹತ್ತಿರ ಅವತ್ತೇ ಕರೆದುಕೊಂಡು ಹೋಗಿ. ಎರಡನ್ನೂ ಜೊತೆಗೇ ಒಯ್ಯಿರಿ.