ಎರಡು ವರ್ಷದ ಊರ ನಾಯಿಯನ್ನು ಅಜಿಲಿಟಿ ಸ್ಪರ್ಧೆಗೆ ಇಳಿಸಬಹುದೇ?

ಉಡುಪಿಯಲ್ಲಿದ್ದೀರಿ, ಮನೆಯಲ್ಲಿ ಎರಡು ವರ್ಷದ ಊರ ನಾಯಿ ಇದೆ, ಕಾಂಪೌಂಡ್ ಗೋಡೆ ಹಾರುವುದರಲ್ಲಿ ನಿಸ್ಸೀಮ. ಅಜಿಲಿಟಿಯಲ್ಲಿ, ಅಂದರೆ ಯಜಮಾನ ಜೊತೆಗೆ ಓಡುತ್ತ ತೋರಿಸಿದ ಕ್ರಮದಲ್ಲಿ ನಾಯಿ ಅಡೆತಡೆಗಳನ್ನು ದಾಟುವ ಸ್ಪರ್ಧೆಯಲ್ಲಿ, ಜಾತಿ ನಾಯಿಗಳ ನಡುವೆ ಅದನ್ನು ಇಳಿಸಿದರೆ ನಗೆಪಾಟಲಾಗುತ್ತದೆಯೇ, ಮೊದಲು ಏನು ಕಲಿಸಬೇಕು ಎಂದು ಕೇಳಿದ್ದೀರಿ.

ಧಾರಾಳವಾಗಿ ಇಳಿಸಿ. ನಗೆಪಾಟಲಾದರೆ ಅದು ನೀವೇ ಆಗಿರುತ್ತೀರಿ, ಪಾಪ ನಾಯಿ ಏನೂ ಮಾಡಿರುವುದಿಲ್ಲ. ವಾಮಂಜೂರಿನ ನಮ್ಮ ಮನೆಯ ಕೆಂಚಿ ಕೂಡ ಊರ ನಾಯಿ. ಅವಳ ಜೊತೆ ಮೂರು ಸಲ ಅಂಕಣಕ್ಕೆ ಇಳಿದಿದ್ದೇನೆ. ಮೊದಲ ಸಲದ ಕಥೆ ಕೇಳಿದರೆ ನಿಮ್ಮ ಅರ್ಧ ಭಯ ಹೋಗುತ್ತದೆ.

ಈ ಆಟ ಹುಟ್ಟಿದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದ ಬಿಡುವಿನಲ್ಲಿ ಜನರ ಮನರಂಜನೆಗೆಂದು. ಮಾದರಿ ಕುದುರೆಗಳ ಜಿಗಿತದ ಸ್ಪರ್ಧೆ. ಕುದುರೆ ಸವಾರರಂತೆ ಇಲ್ಲಿಯೂ ಓಟಕ್ಕೆ ಮೊದಲು ನಾಯಿಯನ್ನು ಹೊರಗೆ ಬಿಟ್ಟು ನೀವೊಬ್ಬರೇ ದಾರಿಯನ್ನು ನಡೆದು ನೋಡಬೇಕು. ಸುಮಾರು ಇಪ್ಪತ್ತು ಅಡೆತಡೆಗಳಿರುತ್ತವೆ, ಅವುಗಳ ಕ್ರಮವನ್ನು ತೀರ್ಪುಗಾರರು ಆ ದಿನವೇ ಗೊತ್ತು ಮಾಡುತ್ತಾರೆ. ಸಿಗುವ ಕೆಲವೇ ನಿಮಿಷಗಳಲ್ಲಿ ಎಲ್ಲಿ ತಿರುಗಬೇಕು, ನಾಯಿ ಎಡಕ್ಕಿರಬೇಕೋ ಬಲಕ್ಕೋ ಎಂಬುದೆಲ್ಲ ಬಾಯಿಪಾಠವಾಗಬೇಕು. ನಾನು ಮಗ್ಗಿ ಹೇಳುವ ಹುಡುಗನಂತೆ ಬೆರಳು ಮಡಚುತ್ತ ನಡೆದೆ. ಓಟ ಶುರುವಾಯಿತು. ಒಂಬತ್ತನೆಯ ಬೇಲಿ ದಾಟಿದ ಮೇಲೆ ತಲೆ ಖಾಲಿ! ಹತ್ತು ಎಲ್ಲಿದೆ ಎಂದು ಹುಡುಕುತ್ತ ಬಲಕ್ಕೆ ಭುಜ ತಿರುಗಿಸಿದೆ, ಅಷ್ಟೇ. ಬಲಗಡೆ ಇದ್ದದ್ದು ಸುರಂಗ, ಹದಿನಾರನೆಯ ಅಡೆತಡೆ. ಕೆಂಚಿ ಮರುಮಾತಿಲ್ಲದೆ ಅದರೊಳಗೆ ನುಗ್ಗಿ ಆಚೆ ಬಂದು ಬಾಲ ಅಲ್ಲಾಡಿಸಿದಳು. ಕ್ರಮ ತಪ್ಪಿದರೆ ಸ್ಪರ್ಧೆಯಿಂದಲೇ ಹೊರಗೆ. ಅವಳ ಮಟ್ಟಿಗೆ ಅವಳು ಮಾಡಿದ್ದು ಸರಿಯೇ. ನನ್ನ ಭುಜ ಹೇಳಿದ ಕಡೆಗೆ ಹೋಗಿದ್ದಳು.

ಆದ್ದರಿಂದ ಮೊದಲು ಕಲಿಯಬೇಕಾದದ್ದು ನಿಮ್ಮ ಕಾಲು, ಭುಜ, ಕೈ. ಬಾಯಿಯ ಮಾತಿಗಿಂತ ನೀವು ಮುಖ ಮಾಡಿದ ದಿಕ್ಕನ್ನೇ ನಾಯಿ ಬೇಗ ಓದುತ್ತದೆ. ನಾನು ಎರಡು ತಿಂಗಳು ಯಾವ ಬೇಲಿಯೂ ಇಲ್ಲದೆ, ಅಡಿಕೆ ಒಣಗಿಸುವ ಅಂಗಳದಲ್ಲಿ ಕೆಂಚಿಯ ಎದುರಿನಿಂದ ದಾಟಿ ಆಚೆ ಬದಿಗೆ ಹೋಗುವುದನ್ನೇ ಅಭ್ಯಾಸ ಮಾಡಿದೆ. ನೋಡಿದ ಪಕ್ಕದ ಮನೆಯ ಅಜ್ಜಿ, ಮಗನಿಗೆ ಏನೋ ಮೈಮೇಲೆ ಬಂದಿದೆ ಎಂದು ನನ್ನ ಅಮ್ಮನಿಗೆ ಹೇಳಿದರಂತೆ. ಆಜ್ಞೆಗಳಿಗೆ ಇಂಗ್ಲಿಷ್ ಬೇಕೆಂದೇನೂ ಇಲ್ಲ. ನಮ್ಮದು ಶುದ್ಧ ತುಳು: ಹಾರಲು ‘ಲಾಗ್’, ನಿಲ್ಲಲು ‘ಉಂತು’, ಕರೆಯಲು ‘ಬಲ’.

ನಂತರ ಬರುವುದು ಅಡೆತಡೆಗಳು. ಹೆಚ್ಚು ಸಮಯ ಹಿಡಿಯುವುದು ಕೋಲುಗಳ ಸಾಲು. ಅರುವತ್ತು ಸೆಂಟಿಮೀಟರ್ ಅಂತರದಲ್ಲಿ ನೆಟ್ಟ 12 ಕೋಲುಗಳ ನಡುವೆ ನಾಯಿ ಹಾವಿನಂತೆ ಹೊರಳಿ ಹೋಗಬೇಕು. ಒಳಗೆ ಹೋಗುವಾಗ ಮೊದಲ ಕೋಲು ಯಾವಾಗಲೂ ಅದರ ಎಡ ಭುಜದ ಕಡೆಗಿರಬೇಕು. ಕೆಂಚಿಗೆ ಇದು ಕೂಡಿಬರಲು ಐದು ತಿಂಗಳು ಬೇಕಾಯಿತು. ನೀರಿನ ಪಿವಿಸಿ ಪೈಪನ್ನು ಕತ್ತರಿಸಿ ನೆಟ್ಟರೆ ಸಾಕು. ಹಾರುವ ಬೇಲಿಗೆ ಅಡಿಕೆ ದಬ್ಬೆ ಬಳಸುವ ಆಸೆಯಾಗುತ್ತದೆ, ಬೇಡ, ಅದರ ಸಿಬಿರು ಕೆಟ್ಟದ್ದು. ಅಡ್ಡಪಟ್ಟಿ ಏನೇ ಇರಲಿ, ಮೊಳೆ ಹೊಡೆಯಬೇಡಿ. ಕಾಲು ತಾಗಿದರೆ ಬೀಳುವಂತಿರಬೇಕು. ಸ್ಪರ್ಧೆಯಲ್ಲಿ ಪಟ್ಟಿ ಬಿದ್ದರೆ ಐದು ತಪ್ಪಂಕ, ಮನೆಯಲ್ಲಿ ಬೀಳದಿದ್ದರೆ ನಾಯಿಯ ಮೊಣಕಾಲು.

ಗೋಡೆ ಹಾರುವ ನಾಯಿಗೆ ಒಂದು ಅಪಾಯವಿದೆ. ಎ ಆಕಾರದ ಇಳಿಜಾರು, ಎತ್ತರದ ಹಲಗೆ, ಮೇಲೆ ಕೆಳಗೆ ತೂಗುವ ಸೀಸಾ ಹಲಗೆ ಈ ಮೂರರ ತುದಿಗಳಲ್ಲಿ ಬೇರೆ ಬಣ್ಣ ಬಳಿದ ಭಾಗವಿರುತ್ತದೆ. ಇಳಿಯುವಾಗ ಒಂದು ಪಾದವಾದರೂ ಅಲ್ಲಿ ತಾಗಲೇಬೇಕು. ಗೋಡೆಯಿಂದ ನೆಗೆದು ಅಭ್ಯಾಸವಿರುವ ನಾಯಿ ಆ ಭಾಗವನ್ನು ಹಾರಿಕೊಂಡೇ ಬರುತ್ತದೆ. ಸೀಸಾವನ್ನಂತೂ ಆತುರದಲ್ಲಿ ಕಲಿಸಬೇಡಿ. ಹಲಗೆ ಧಡಕ್ಕೆಂದು ಬಡಿಯುವ ಸದ್ದಿಗೆ ಒಮ್ಮೆ ಹೆದರಿದರೆ ತಿಂಗಳುಗಟ್ಟಲೆ ಹತ್ತುವುದಿಲ್ಲ. ಅದರ ಕೆಳಗೆ ಹಳೆಯ ಹಾಸಿಗೆ ಹಾಕಿ ಆರಂಭಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಹಲಗೆ ಪಾಚಿ ಹಿಡಿಯುತ್ತದೆ. ಪೇಂಟಿನಲ್ಲಿ ಮರಳು ಬೆರೆಸಿ ಬಳಿದಿದ್ದೇನೆ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಜಗುಲಿಯಲ್ಲೇ.

ಸೆಕೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಆ ಉಪಾಯ ಅರ್ಧವೇ ಕೆಲಸ ಮಾಡುತ್ತದೆ. ನಮ್ಮ ಅಭ್ಯಾಸ ಬೆಳಿಗ್ಗೆ ಏಳರೊಳಗೆ, ಹತ್ತೇ ನಿಮಿಷ. ಮುರಕಲ್ಲಿನ ನೆಲದಲ್ಲಿ ಹಾರಿಸಬೇಡಿ, ಅಂಗಾಲು ಕಿತ್ತುಹೋಗುತ್ತದೆ.

ಓಡುವಾಗ ಹಗ್ಗ ಇರುವುದಿಲ್ಲ, ಕೈಯಲ್ಲಿ ತಿಂಡಿಯೂ ಇರಬಾರದು. ನಮ್ಮ ಎರಡನೆಯ ಓಟ ಕೆಟ್ಟದ್ದು ಇಲ್ಲಿಯೇ. ಉಪ್ಪು ಹಾಕದೆ ಬೇಯಿಸಿ, ಮುಳ್ಳು ತೆಗೆದ ಬೂತಾಯಿ ಮೀನಿನ ತುಂಡಿಗಾಗಿ ಏನನ್ನೂ ಮಾಡುವ ಕೆಂಚಿ, ನನ್ನ ಬರಿಗೈ ನೋಡಿ ನಾಲ್ಕನೆಯ ಬೇಲಿಯಿಂದ ನೇರವಾಗಿ ಗೋಳಿಬಜೆಯ ಅಂಗಡಿಗೆ ಹೋದಳು. ಅಲ್ಲಿ ಅವಳಿಗೆ ಸ್ವಾಗತವೂ ಸಿಕ್ಕಿತು. ಬಹುಮಾನದ ಡಬ್ಬಿ ಅಂಕಣದ ಹೊರಗಿದೆ, ಕೊನೆಯ ಬೇಲಿ ದಾಟಿದರೆ ಅಲ್ಲಿಗೇ ಓಡುತ್ತೇವೆ ಎಂಬುದನ್ನು ಮನೆಯಲ್ಲೇ ಕಲಿಸಬೇಕಿತ್ತು. ಧ್ವನಿವರ್ಧಕ, ಗುಂಪು, ಅಪರಿಚಿತ ನಾಯಿಗಳ ಬೊಗಳಾಟ ಇವೂ ರೂಢಿಯಾಗಬೇಕು. ನಾವು ಜಾತ್ರೆ ನಡೆಯುವ ಗದ್ದೆಯಿಂದ ದೂರದಲ್ಲಿ ಕುಳಿತು, ಪ್ರತಿ ಸಂಜೆ ಸ್ವಲ್ಪ ಸ್ವಲ್ಪ ಹತ್ತಿರ ಹೋದೆವು.

ಜಾತಿಯ ಪ್ರಶ್ನೆಗೆ ಬರುತ್ತೇನೆ. ಬಾರ್ಡರ್ ಕೋಲಿಗಳು ವೇಗದಲ್ಲಿ ನಮ್ಮನ್ನು ಹಿಂದೆ ಹಾಕುತ್ತವೆ, ಅದು ನಿಜ. ಆದರೆ ಸ್ಪರ್ಧೆಯ ವಿಭಾಗಗಳು ನಾಯಿಯ ಎತ್ತರದ ಮೇಲೆ, ತಳಿಯ ಮೇಲಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ 48 ಸೆಂಟಿಮೀಟರ್ ಮತ್ತು ಅದಕ್ಕೂ ಎತ್ತರದ ನಾಯಿ ದೊಡ್ಡ ವಿಭಾಗಕ್ಕೆ ಸೇರುತ್ತದೆ. ಹದಿನೆಂಟು ತಿಂಗಳು ತುಂಬಿರಬೇಕು. ನಿಮ್ಮ ನಾಯಿ ಆ ವಯಸ್ಸು ದಾಟಿದೆ. ಊರಿನ ಸಣ್ಣ ಸ್ಪರ್ಧೆಗಳಲ್ಲಿ ಬೇಲಿಯ ಎತ್ತರವನ್ನು ತಗ್ಗಿಸುವುದುಂಟು, ಮೊದಲೇ ಕೇಳಿಕೊಳ್ಳಿ. ರೇಬೀಸ್ ಲಸಿಕೆಯ ಪುಸ್ತಕ ಜೊತೆಗಿರಲಿ.

ಮೂರನೆಯ ಸಲ ಕೆಂಚಿ ಒಂದೂ ತಪ್ಪಿಲ್ಲದೆ ಮುಗಿಸಿದಳು, ನಿಗದಿತ ಸಮಯ ದಾಟಿ ನಾಲ್ಕು ಸೆಕೆಂಡ್ ತಡವಾಗಿ. ಕೋಲುಗಳ ಸಾಲಿನ ಬಳಿ ನಾನು ಎಡವಿದ್ದೆ. ಹೆಸರು ಕೊಡುವಾಗ ಎತ್ತರವನ್ನು ನೆಲದಿಂದ ಹೆಗಲಿನವರೆಗೆ ಅಳೆಯಿರಿ. ನಾನು ಮೊದಲ ಅರ್ಜಿಯಲ್ಲಿ ಕಿವಿಯ ತುದಿಯವರೆಗೆ ಅಳೆದು ಬರೆದಿದ್ದೆ, ಅದನ್ನು ಓದಿದವರು ಗ್ರೇಟ್ ಡೇನ್ ಬರುತ್ತದೆಂದು ಕಾಯುತ್ತಿದ್ದರು.