ಗಂಟೆ, ಮಳೆ, ಮಗ್ಗಿ

ಪ್ರಶ್ನೆ: ನಾನು ಓದಿದ ಶಾಲೆಗೆ ಈ ವರ್ಷ ನೂರು ತುಂಬುತ್ತದೆ. ಭಾಷಣದ ಬದಲು ಆಗಿನ ಸದ್ದುಗಳನ್ನು ಜೋಡಿಸಿ ನಾಲ್ಕು ನಿಮಿಷ ಕೇಳಿಸುವ ಆಸೆ. ಆದರೆ ಹಂಚಿನ ಮಾಡು ಹೋಗಿ ಟೆರೇಸ್ ಬಂದಿದೆ. ರೈಲು ಕಂಬಿಯ ಗಂಟೆ ಹೋಗಿ ಕರೆಂಟಿನ ಬೆಲ್ಲು ಬಂದಿದೆ. ನನ್ನಲ್ಲಿರುವುದು ಫೋನು ಮಾತ್ರ. ಇಂಟರ್‌ನೆಟ್ಟಿನಿಂದ ಸದ್ದು ಇಳಿಸಿಕೊಂಡರೆ ಆದೀತೇ?
- ಹಳೆ ವಿದ್ಯಾರ್ಥಿನಿ, ಬ್ರಹ್ಮಾವರ

ಉತ್ತರ: ಇಂಟರ್‌ನೆಟ್ಟಿನ ಗಂಟೆ ಮಾತ್ರ ಬೇಡ ಮಾರಾಯ್ರೇ. ನಿಮ್ಮ ಶಾಲೆಯದ್ದಲ್ಲ ಅಂತ ಊರವರಿಗೆ ಮೊದಲ ಪೆಟ್ಟಿಗೇ ಗೊತ್ತಾಗುತ್ತದೆ. ಗುಜರಿ ಅಂಗಡಿಗೆ ಹೋಗಿ. ದಪ್ಪ ಕಬ್ಬಿಣದ ತುಂಡುಗಳನ್ನು ಒಂದೊಂದಾಗಿ ಹಗ್ಗದಲ್ಲಿ ತೂಗಿಸಿ, ಕಬ್ಬಿಣದ ಸರಳಿನಿಂದಲೇ ಹೊಡೆದು ನೋಡಿ. ನೆಲದ ಮೇಲಿಟ್ಟು ಹೊಡೆದರೆ ಬರೀ 'ಟಕ್' ಅನ್ನುತ್ತದೆ. ಸಿಕ್ಕಿದ್ದನ್ನು ಮರಕ್ಕೆ ಕಟ್ಟಿ, ಒಮ್ಮೆ ಹತ್ತಿರದಿಂದ, ಒಮ್ಮೆ ಗದ್ದೆಯ ಅಂಚಿನಿಂದ ರೆಕಾರ್ಡ್ ಮಾಡಿ. ತಡವಾಗಿ ಓಡಿ ಬರುವವರಿಗೆ ಗಂಟೆ ಕೇಳಿಸುತ್ತಿದ್ದದ್ದು ಅಲ್ಲಿಂದಲೇ ಅಲ್ವಾ?

ಪ್ಯಾರಿಸ್ಸಿನ ರೇಡಿಯೋದಲ್ಲಿ ಪಿಯರ್ ಶೆಫರ್ ಅಂತ ಒಬ್ಬರಿದ್ದರು. 1948ರಲ್ಲಿ ರೈಲು ಎಂಜಿನ್‌ಗಳ ಸದ್ದನ್ನು ಜೋಡಿಸಿ ಸಂಗೀತ ಅಂತಲೇ ಪ್ರಸಾರ ಮಾಡಿದ ಆಸಾಮಿ. ಗಂಟೆಯ ಮೊದಲ ಪೆಟ್ಟು ತೆಗೆದು ಉಳಿದದ್ದನ್ನು ಕೇಳಿಸಿದರೆ ಅದು ಗಂಟೆ ಅಂತಲೇ ಗೊತ್ತಾಗುವುದಿಲ್ಲ ಎಂದು ಅವರು ಕಂಡುಕೊಂಡರು. ನೀವೂ ಮಾಡಿ. ಆಡಾಸಿಟಿ ತಂತ್ರಾಂಶ ಉಚಿತ, ಮನೆಯಲ್ಲಿ ಯಾರದ್ದಾದರೂ ಕಂಪ್ಯೂಟರ್ ಇದ್ದರೆ ಸಾಕು. 'ಠಣ್' ಕತ್ತರಿಸಿ, ಹಿಂದಿನ 'ಗುಂಯ್' ಅನ್ನು ಮಾತ್ರ ಉದ್ದಕ್ಕೆ ಮೆಲ್ಲಗೆ ಓಡಿಸಿ. ನಾಲ್ಕು ನಿಮಿಷಕ್ಕೆ ಅದೇ ಶ್ರುತಿ. ಪೂರ್ತಿ ಗಂಟೆಯನ್ನು ಕೊನೆಯ ತನಕ ಬಚ್ಚಿಟ್ಟುಕೊಳ್ಳಿ. ನಾನು ಯಕ್ಷಗಾನದ ಕ್ಯಾಸೆಟ್ಟುಗಳ ಕಾಲದಲ್ಲಿ ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸಿದವನು. ನಿಮಗೆ ಬೆರಳು ಕುಯ್ದುಕೊಳ್ಳುವ ಭಯವಾದರೂ ಇಲ್ಲ.

ಮಳೆ ಸುಲಭ ಅಂತ ಎಲ್ಲರೂ ತಿಳಿಯುತ್ತಾರೆ. ಅದೇ ಕಷ್ಟ. ಜೋರು ಮಳೆಗೆ ಸುಮ್ನೆ ಫೋನು ಹಿಡಿದರೆ ಬಾಣಲೆಯಲ್ಲಿ ಹಪ್ಪಳ ಕರಿದ ಹಾಗೆ ಕೇಳಿಸುತ್ತದೆ. ಜೂನ್ ತಿಂಗಳಲ್ಲಿ ಹಂಚಿನ ಮನೆ ಹುಡುಕಿ ಹೋಗಿ. ಜಗಲಿಯಲ್ಲಿ ಕೂತು ಮಾಡಿನ ನೀರು ಅಲ್ಯೂಮಿನಿಯಂ ಕೊಡಪಾನಕ್ಕೆ ಬೀಳುವುದನ್ನು ಬೇರೆಯಾಗಿ ಹಿಡಿಯಿರಿ. ಖಾಲಿ ಕೊಡಪಾನ ಒಂದು ಸ್ವರ, ತುಂಬುತ್ತಾ ಬಂದಂತೆ ಇನ್ನೊಂದು. ಕೊಡೆ ಕೊಡವುವ ಸದ್ದೂ ಇರಲಿ. ಅವೆರಡನ್ನು ಮುಂದಿಟ್ಟು, ಮಳೆಯನ್ನು ಹಿಂದೆ ಸಣ್ಣದಾಗಿ ಬಿಡಿ. ಫೋನಿಗೆ ತೆಳು ಕಾಲುಚೀಲ ತೊಡಿಸಿದರೆ ಗಾಳಿಯ ಭರ್ರೋ ಕಡಿಮೆಯಾಗುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಸರಿಯಾದ ಹೊತ್ತಿಗೇ ಯಾರಾದರೂ ಫೋನು ಮಾಡುತ್ತಾರೆ.

ಮಗ್ಗಿಗೆ ಇಡೀ ಕ್ಲಾಸು ಬೇಕಿಲ್ಲ. ಆರೇಳು ಹಳೆ ವಿದ್ಯಾರ್ಥಿಗಳನ್ನು ಶಾಲೆಯ ಕೋಣೆಗೇ ಕರೆಸಿ. 'ಎರಡೊಂದ್ಲೆ ಎರಡು' ಅಂತ ರಾಗವಾಗಿ ಶುರು ಮಾಡಲಿ. ಪ್ರತಿ ಸಲ ಜಾಗ ಬದಲಿಸಿ ಮೂರ್ನಾಲ್ಕು ಸಲ ಹೇಳಿಸಿ, ಒಂದರ ಮೇಲೊಂದು ಪೇರಿಸಿ. ಇಪ್ಪತ್ತು ಜನರ ಗಲಾಟೆ ಸಿಗುತ್ತದೆ. ಸ್ವಲ್ಪ ಹಿಂದೆ ಮುಂದೆ ಆದರೆ ಒಳ್ಳೆಯದೇ. ಹಿಂದಿನ ಬೆಂಚಿನವರು ಯಾವತ್ತು ಒಟ್ಟಿಗೆ ಹೇಳಿದ್ದಾರೆ? ದೊಡ್ಡವರ ಸ್ವರವನ್ನು ಮಿಶಿನಿನಲ್ಲಿ ತೆಳು ಮಾಡಿ ಮಕ್ಕಳಾಗಿಸಲು ಮಾತ್ರ ಹೋಗಬೇಡಿ, ಕಾರ್ಟೂನಿನಂತಾಗುತ್ತದೆ. ಈಗಿನ ಮಕ್ಕಳ ಸ್ವರ ಬೇಕಿದ್ದರೆ ಹೆಡ್‌ಮಾಸ್ಟ್ರನ್ನೂ ಹೆತ್ತವರನ್ನೂ ಮೊದಲೇ ಕೇಳಿ.

ನಾಡಗೀತೆ, ಶಿಳ್ಳೆ, ಚಪ್ಪಾಳೆ ಎಲ್ಲ ತುರುಕಬೇಡಿ. ಐದಾರು ಸದ್ದು ಧಾರಾಳ. ಕಾರ್ಯಕ್ರಮದ ಹಿಂದಿನ ದಿನ ಸೌಂಡ್ಸ್‌ನವರ ಬಾಕ್ಸಿನಲ್ಲೇ ಒಮ್ಮೆ ಹಾಕಿಸಿ ನೋಡಿ. ಫೋನಿನಲ್ಲಿ ಕೇಳಿಸದ 'ಗುಂಯ್' ಅಲ್ಲಿ ಜಾಸ್ತಿಯಾಗಿ ಮಗ್ಗಿಯನ್ನೇ ನುಂಗಬಹುದು.